ಮೊದಲು ಮೆರವಣಿಗೆ, ಆಮೇಲೆ ಅಂಗಡಿ: ಸಾರ್ಡೀನಿಯದ ಒಡವೆ ಹುಡುಕಿ

ಇಟಲಿಯ ದ್ವೀಪ ಸಾರ್ಡೀನಿಯಕ್ಕೆ ಒಡವೆ ನೋಡಲೆಂದೇ ಹೋಗುವವರು ಏಪ್ರಿಲ್ 30ರ ಒಳಗೆ ಅದರ ರಾಜಧಾನಿ ಕಾಲ್ಯರಿ ಸೇರಿಕೊಳ್ಳಿ. ಮೇ 1ಕ್ಕೆ ಅಲ್ಲಿ ಸಂತ ಎಫೀಸಿಯೊನ ಮೆರವಣಿಗೆ. 1652ರಲ್ಲಿ ಪ್ಲೇಗು ಬಂದಾಗ ಊರು ಹೊತ್ತ ಹರಕೆ ಅದು, 1657ರಿಂದ ತೀರಿಸುತ್ತಲೇ ಇದ್ದಾರೆ. ನಾವು ರೋಮ್‌ನಲ್ಲಿ ವಿಮಾನ ಬದಲಿಸಿ ಹೋದೆವು. ಕಾಲ್ಯರಿ ವಿಮಾನ ನಿಲ್ದಾಣದಿಂದ ಊರಿಗೆ ರೈಲಿದೆ, ಹತ್ತು ನಿಮಿಷವೂ ಬೇಡ. ಟ್ಯಾಕ್ಸಿಗೆ ಸುರಿಯಬೇಡಿ. ಕೋಣೆಯನ್ನು ಮಾತ್ರ ತಿಂಗಳುಗಟ್ಟಲೆ ಮೊದಲೇ ಹಿಡಿದಿಡಿ.

ಮೆರವಣಿಗೆ ಹಾಯುವ ವಿಯಾ ರೋಮಾ ಬೀದಿಯಲ್ಲಿ ಟಿಕೆಟ್ಟಿನ ಆಸನಗಳಿವೆ. ಒಡವೆ ನೋಡುವವರಿಗೆ ರಸ್ತೆಬದಿಯೇ ಮೇಲು, ಅದಕ್ಕೆ ಕಾಸೂ ಇಲ್ಲ. ಹೆಂಗಸರು ತಮ್ಮ ತಮ್ಮ ಊರಿನ ಉಡುಗೆಯಲ್ಲಿ ಬರುತ್ತಾರೆ. ಕುಪ್ಪಸದ ಕೊರಳಲ್ಲಿ ಜೋಡಿ ಗುಂಡಿ: ಚಿನ್ನ ಅಥವಾ ಬೆಳ್ಳಿ ತಂತಿಯ ಎರಡು ಅರ್ಧಗೋಳ ಬೆಸೆದದ್ದು, ತುದಿಯಲ್ಲಿ ಒಂದು ಹರಳು. ಅಂಗಡಿಯವರು ಇದನ್ನೇ ಓಲೆ, ಪದಕ ಮಾಡಿ ಮಾರುತ್ತಾರೆ. ಇಲ್ಲಿ ಅದು ನಿಜವಾಗಿ ಬಟ್ಟೆ ಹಿಡಿಯುವ ಗುಂಡಿ. ಜಪಸರವೂ ಬೆಳ್ಳಿ ತಂತಿಯದೇ. ಜೊತೆಗೆ ‘ಕೊಕ್ಕು’ ಎಂಬ, ಬೆಳ್ಳಿ ತಂತಿಯ ಕುಸುರಿಯಲ್ಲಿ ಕೂರಿಸಿದ ಕಪ್ಪು ಕಲ್ಲಿನ ಗುಂಡು, ದೃಷ್ಟಿಗೆ. ಮಗುವಿಗೂ ಹಾಕುತ್ತಾರೆ, ದೃಷ್ಟಿ ತಾಕಿದರೆ ಕಲ್ಲೇ ಒಡೆಯುತ್ತದಂತೆ. ಕರಿಮಣಿ ಕಟ್ಟಿಸಿಕೊಂಡು ಬೆಳೆದ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಧ್ಯಾಹ್ನ ಎತ್ತಿನ ಗಾಡಿಯಲ್ಲಿ ಸಂತನ ಮೂರ್ತಿ ಬರುತ್ತದೆ, ಮೈತುಂಬ ಹರಕೆಯ ಚಿನ್ನ, ದಾರಿತುಂಬ ಗುಲಾಬಿ ಎಸಳು. ಊರು ದಾಟಿ ಜೋರ್ಜಿನೊ ಸೇರಿದ ಮೇಲೆ ಆ ಚಿನ್ನವನ್ನೆಲ್ಲ ಕಳಚಿ, ಸಾದಾ ಬಟ್ಟೆ ತೊಡಿಸಿ, ಬೇರೆ ಗಾಡಿಯಲ್ಲಿ ಕರಾವಳಿಯ ನೋರಾಕ್ಕೆ ಕರೆದೊಯ್ಯುತ್ತಾರೆ. ‘ಪ್ರಯಾಣಕ್ಕೆ ಚಿನ್ನ ಹಾಕ್ಕೋಬೇಡ್ವೇ’ ಎಂದು ಹೊರಡುವಾಗ ಗದರಿದ್ದ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವಳಿಗೆ ಗೆದ್ದಷ್ಟು ಖುಷಿ.

ನಾನು ಮಾಡಿದ ತಪ್ಪು: ಮೇ 1 ರಜೆ, ಅಂಗಡಿ ಮುಚ್ಚಿರುತ್ತವೆ ಎಂದು ಹಿಂದಿನ ಸಂಜೆಯೇ ಬಂದರಿನ ಬಳಿ 40 ಯೂರೊ ಕೊಟ್ಟು ಕೊಕ್ಕು ಕೊಂಡೆ. ಮರುದಿನ ಹೆಂಗಸರ ಎದೆಯ ಮೇಲೆ ಅಸಲಿಯದನ್ನು ಕಂಡಾಗ ಗೊತ್ತಾಯಿತು, ನನ್ನದರ ಬೆಳ್ಳಿ ಅಚ್ಚಿಗೆ ಹೊಯ್ದದ್ದು. ಫೋನಿನ ಕ್ಯಾಮೆರಾ ಜೂಮ್ ಮಾಡಿ ನೋಡಿ. ಕೈಕೆಲಸದಲ್ಲಿ ಹೊಸೆದ ತಂತಿಯ ಸಣ್ಣ ಗೀರು ಕಾಣುತ್ತದೆ, ಎರಕದಲ್ಲಿ ಎಳೆಗಳು ಒಂದಕ್ಕೊಂದು ಕರಗಿ ಅಂಟಿದಂತಿರುತ್ತವೆ. ಹಿಂದೆ ತಗಡಿದೆ ಎಂದಷ್ಟಕ್ಕೇ ನಕಲಿ ಎಂದು ಅನುಮಾನಿಸಬೇಡಿ. ತಗಡಿನ ಮೇಲೆ ಬೆಸೆದ ಕುಸುರಿಗೆ ‘ರಾತ್ರಿ’ ಎಂದೂ ಬೆಳಕು ಹಾಯುವ ಕುಸುರಿಗೆ ‘ಹಗಲು’ ಎಂದೂ ಅಲ್ಲಿನ ಅಕ್ಕಸಾಲಿಗಳು ಹೆಸರಿಟ್ಟಿದ್ದಾರೆ. ಬೆಳ್ಳಿಯ ಮೇಲೆ 925, ಚಿನ್ನದ ಮೇಲೆ 750 ಮುದ್ರೆ ನೋಡಿ. 750 ಅಂದರೆ 18 ಕ್ಯಾರೆಟ್, ನಮ್ಮ 22ರ ಲೆಕ್ಕ ಅಲ್ಲಿ ನಡೆಯದು.

ಕೊಳ್ಳುವುದಕ್ಕೆ ಮುಂಚೆ ದ್ವೀಪದ ಒಳನಾಡಿನ ನುವೊರೊದ ಉಡುಗೆ ಮ್ಯೂಸಿಯಂಗೆ ಅರ್ಧ ದಿನ ಕೊಡಿ. ಕಾಲ್ಯರಿಯಿಂದ ಬಸ್ಸಿದೆ. ಅಲ್ಲಿಂದ ದೋರ್ಗಾಲಿಗೆ ಹೋದರೆ ಕುಸುರಿ ಕೆಲಸದವರೇ ಸಿಗುತ್ತಾರೆ. ಹವಳ ಬೇಕಾದವರು ಅಲ್ಗೇರೊಗೆ ಹೋಗಬೇಕು, ಅದು ದ್ವೀಪದ ಇನ್ನೊಂದು ಮೂಲೆ. ನಮಗೆ ಅಷ್ಟು ದಿನ ಇರಲಿಲ್ಲ. ಕೈ ಬಿಗಿಯಾಗಿದ್ದರೆ ‘ಸಂತ ಲೂಚಿಯಾಳ ಕಣ್ಣು’ ಕೇಳಿ. ಸಮುದ್ರದ ಬಸವನಹುಳುವಿನ ಬಾಯಿಮುಚ್ಚಳವನ್ನು ಬೆಳ್ಳಿಯಲ್ಲಿ ಕೂರಿಸಿದ್ದು, ಅದೂ ದೃಷ್ಟಿಗೇ.

ಒಂದೇ ಅಂಗಡಿಯಲ್ಲಿ 70 ಯೂರೊ ದಾಟಿದರೆ ತೆರಿಗೆ ವಾಪಸಿನ ಫಾರಂ ಕೇಳಿ, ಪಾಸ್‌ಪೋರ್ಟ್ ಜೊತೆಗಿರಲಿ. ಮೊಹರು ಬೀಳುವುದು ಯುರೋಪಿಯನ್ ಒಕ್ಕೂಟ ಬಿಡುವ ಕೊನೆಯ ವಿಮಾನ ನಿಲ್ದಾಣದಲ್ಲಿ. ಒಡವೆ ತೋರಿಸಿ ಎನ್ನಬಹುದು, ದೊಡ್ಡ ಸೂಟ್‌ಕೇಸಿಗೆ ಹಾಕಿ ಕಳಿಸಿಬಿಡಬೇಡಿ.