ಹತ್ತಕ್ಕೆ ಎರಡು

ನಮ್ಮ ಮನೆ ಬಾಗಿಲಿನಿಂದ ಗೇಟಿಗೆ ಹನ್ನೊಂದು ಹೆಜ್ಜೆ, ನಡುವೆ ನಾಲ್ಕು ಮೆಟ್ಟಿಲು. ಹೋದ ವರ್ಷ ನವೆಂಬರಿನಲ್ಲಿ ನಂದಿನಿ ಹಾಲಿನ ಪ್ಯಾಕೆಟ್ ತರಲು ಆ ನಾಲ್ಕು ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆ, ಗೋಡೆ ಹಿಡಿದುಕೊಂಡು. ನನಗಿನ್ನೂ 42. ಎದುರು ಮನೆಯವರು ರಂಗೋಲಿ ಹಾಕುತ್ತಾ ತಲೆಯೆತ್ತಿ ನೋಡಿ, "ಏನ್ರೀ, ವಾಯುನಾ?" ಎಂದಿದ್ದರು.

ವಾಯು ಅಲ್ಲ, ಓಡಿದ್ದರ ಫಲ. ಬಲಗಾಲಿನ ಹಿಮ್ಮಡಿಯಿಂದ ಎರಡು ಇಂಚು ಮೇಲೆ ಹಗ್ಗದ ಹಾಗೆ ಕೈಗೆ ಸಿಗುತ್ತದಲ್ಲ, ನೋವು ಅಲ್ಲಿ. ನಾವೆಲ್ಲ ಅದನ್ನು ನರ ಎನ್ನುತ್ತೇವೆ. ನಿಜವಾಗಿ ಅದು ನರ ಅಲ್ಲ, ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಟೆಂಡನ್. ಅಕಿಲಿಸ್ ಅಂತ ಗ್ರೀಕ್ ವೀರನ ಹೆಸರು ಅದಕ್ಕೆ. ಅವನಿಗೆ ಸಾವು ಬಂದದ್ದು ಹಿಮ್ಮಡಿಯಿಂದ ಎಂದು ನಮ್ಮ ಅತ್ತೆಗೆ ಕಥೆ ಹೇಳಿದೆ. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. "ಕೃಷ್ಣ ಪರಮಾತ್ಮನಿಗೇ ಬೇಡನ ಬಾಣ ತಗುಲಿದ್ದು ಕಾಲಿಗೆ. ನಿಂದು ಯಾವ ಲೆಕ್ಕ ಬಿಡು."

ತಪ್ಪು ಪೂರ್ತಿ ನನ್ನದೇ. ನಮ್ಮದೊಂದು ಓಟದ ವಾಟ್ಸಾಪ್ ಗ್ರೂಪ್ ಇದೆ. ಯಾರು ವಾರಕ್ಕೆ ಎಷ್ಟು ಕಿಲೋಮೀಟರ್ ಓಡಿದರು ಎಂದು ಭಾನುವಾರ ರಾತ್ರಿ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ನಾನು ಯಾವಾಗಲೂ ನಡುಮಧ್ಯೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು, ಮಕ್ಕಳಿಗೆ ರ‍್ಯಾಂಕ್ ಮುಖ್ಯ ಅಲ್ಲ ಕಣ್ರೋ ಎಂದು ಭಾಷಣ ಬಿಗಿಯುವವಳು. ಅದೇ ನಾನು ಮೂರೇ ವಾರದಲ್ಲಿ 25 ಕಿ.ಮೀ.ಯಿಂದ 45ಕ್ಕೆ ಹಾರಿದೆ. ಸಾಲದ್ದಕ್ಕೆ ರಿಯಾಯಿತಿಯಲ್ಲಿ ಸಿಕ್ಕಿತು ಅಂತ ಹೊಸ ಶೂ. ಹಳೇ ಶೂನಲ್ಲಿ ಹಿಮ್ಮಡಿ ಬೆರಳಿಗಿಂತ 10 ಮಿ.ಮೀ. ಎತ್ತರದಲ್ಲಿತ್ತು, ಹೊಸದರಲ್ಲಿ 4. ವ್ಯತ್ಯಾಸ ಒಂದು ಅವರೆಕಾಳಿನ ದಪ್ಪ, ಅಷ್ಟೇ. ಆದರೆ ಹಿಮ್ಮಡಿ ಅಷ್ಟು ಕೆಳಗಿಳಿದರೆ ಹೆಜ್ಜೆ ಹೆಜ್ಜೆಗೂ ಆ ಹಗ್ಗ ಅಷ್ಟು ಜಾಸ್ತಿ ಎಳೆಯಬೇಕು.

ಮೂರು ವಾರ ಸುಮ್ನೆ ಇದ್ದೆ. ನೋವು ಹೋಯಿತು. ಓಡಿದೆ, ಬಂತು. ಮತ್ತೆ ಮೂರು ವಾರ ರಜೆ, ಮತ್ತೆ ಅದೇ ಕಥೆ. ಒಬ್ಬ ಡಾಕ್ಟರು ಕಾಲನ್ನು ಸರಿಯಾಗಿ ನೋಡದೆಯೇ "ಈ ವಯಸ್ಸಿಗೆ ಓಟ ಯಾಕಮ್ಮ, ವಾಕಿಂಗ್ ಮಾಡಿ" ಎಂದರು. ಆಮೇಲೆ ಸಿಕ್ಕ ಫಿಸಿಯೋ ಹುಡುಗಿ ಎರಡು ಬೆರಳಲ್ಲಿ ಹಗ್ಗವನ್ನು ಹಿಡಿದು ಮೇಲಿಂದ ಕೆಳಗೆ ಹಿಸುಕುತ್ತಾ ಬಂದಳು. ಒಂದು ಕಡೆ ನಾನು "ಅಮ್ಮಾ" ಎಂದೆ. "ಸದ್ಯ, ನಡುವೆ ಇದೆ. ಮೂಳೆಗೆ ಅಂಟಿಕೊಳ್ಳೋ ಜಾಗದಲ್ಲಿದ್ದಿದ್ರೆ ಬೇರೆ ಥರ ವ್ಯಾಯಾಮ ಕೊಡಬೇಕಿತ್ತು" ಎಂದಳು. ಟೆಂಡನ್ನಿಗೆ ರಕ್ತ ಹರಿಯುವುದು ಕಡಿಮೆ, ಅದಕ್ಕೇ ವಾಸಿಯಾಗುವುದು ನಿಧಾನ. ಬರೀ ಮಲಗಿಸಿಟ್ಟರೆ ಇನ್ನಷ್ಟು ಸೋಲುತ್ತದೆ. ಅದಕ್ಕೆ ಬೇಕಾದ್ದು ಕೆಲಸ, ಆದರೆ ಅಳತೆ ಮಾಡಿ ಕೊಟ್ಟ ಕೆಲಸ.

ಕೆಲಸ ಏನೆಂದರೆ, ಮೆಟ್ಟಿಲ ಅಂಚಿನಲ್ಲಿ ಮುಂಗಾಲಲ್ಲಿ ನಿಲ್ಲಬೇಕು. ಒಳ್ಳೇ ಕಾಲಿನ ಬಲದಿಂದ ಮೇಲೇಳಬೇಕು. ಆಮೇಲೆ ಪೂರ್ತಿ ಭಾರ ನೋಯುವ ಕಾಲಿಗೆ ಬಿಟ್ಟು, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಬಗ್ಗಿಸಿ 15ರಂತೆ ಮೂರು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ 180. ಹನ್ನೆರಡು ವಾರ. ಗಣಿತದ ಚಪಲ, ಅಲ್ಲೇ ಲೆಕ್ಕ ಹಾಕಿದೆ: 15,120.

ಇದನ್ನು ಹೆಸರುವಾಸಿ ಮಾಡಿದ್ದು ಸ್ವೀಡನ್ನಿನ ಮೂಳೆ ಡಾಕ್ಟರು, ಆಲ್ಫ್ರೆಡ್‌ಸನ್ ಅಂತ. 1998ರಲ್ಲಿ ಪ್ರಕಟಿಸಿದ್ದು. ಅವರಿಗೇ ಈ ನೋವಿತ್ತಂತೆ. ಆಪರೇಷನ್ ಮಾಡಿ ಅಂದರೆ ಮೇಲಿನ ಡಾಕ್ಟರು ಒಪ್ಪಲಿಲ್ಲವಂತೆ. ಹಾಗಾದರೆ ಹರಿದೇ ಹೋಗಲಿ, ಆಗ ಮಾಡಲೇಬೇಕಲ್ಲ ಎಂದು ಬೇಕಂತಲೇ ಕಾಲಿಗೆ ಭಾರ ಹಾಕತೊಡಗಿದರೆ ನೋವು ವಾಸಿಯಾಗಿಬಿಟ್ಟಿತಂತೆ. ಹಟಮಾರಿಗಳಿಂದಲೂ ಜಗತ್ತಿಗೆ ಆಗಾಗ ಉಪಕಾರವಾಗುತ್ತದೆ.

ಅದು ಅವರೆಕಾಯಿ ಕಾಲ. ಅತ್ತೆ ಜಗಲಿ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು, ನಾನು ಅವರೆದುರಿನ ಮೆಟ್ಟಿಲಲ್ಲಿ ಏರಿಳಿಯುತ್ತಿದ್ದೆ. ಎರಡನೇ ದಿನಕ್ಕೇ ಎಣಿಕೆ ಅವರ ಕೈಗೆ ಹೋಯಿತು. 15 ಆದಾಗ ಒಂದು ಕಾಳನ್ನು ತೆಗೆದು ಮೆಟ್ಟಿಲ ಮೇಲಿಡುವರು. ಆರು ಕಾಳು ಬಿದ್ದರೆ ಬೆಳಗಿನ ಪಾಳಿ ಮುಗಿಯಿತು. ಕದಿಯಲು ಬಿಡುವವರಲ್ಲ. "ಹದಿನಾಲ್ಕಾಯ್ತು, ಇನ್ನೊಂದು ಬಾಕಿ ಇದೆ. ಎಲ್ಲಿಗೆ ಹೊರಟೆ?" ಸೊಗಡಿನ ಅವರೆಯ ಅಂಟು ಅವರ ಬೆರಳಿಗೆ ಮೆತ್ತಿರುತ್ತಿತ್ತು, ಕಾಳು ಮೆಟ್ಟಿಲಿಗೂ ಕೊಂಚ ಅಂಟಿಕೊಳ್ಳುತ್ತಿತ್ತು. ಆರನೇ ವಾರ ಭಾರ ಹೆಚ್ಚಿಸಿ ಎಂದಳು ಫಿಸಿಯೋ. ಮಗಳ ಹಳೇ ಸ್ಕೂಲ್ ಬ್ಯಾಗಿಗೆ 5 ಕೆ.ಜಿ. ಅಕ್ಕಿ ತುಂಬಿ ಬೆನ್ನಿಗೇರಿಸಿದೆ. ಅವರೆ ಸುಗ್ಗಿ ಮುಗಿದ ಮೇಲೆ ಎಣಿಕೆ ಹುಣಸೆ ಬೀಜಕ್ಕೆ ಬದಲಾಯಿತು.

ಇನ್ನೊಂದು ಕೆಲಸ ಅಂಕ ಕೊಡುವುದು. ನೋವಿಗೆ ಹತ್ತಕ್ಕೆ ಎಷ್ಟು? ವ್ಯಾಯಾಮ ಮಾಡುವಾಗ 5ರವರೆಗೆ ಇರಬಹುದು, ಆದರೆ ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಲ್ಲದಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು ಎಂದರ್ಥ. ಬೆಳಿಗ್ಗೆ ಎದ್ದು ಹಾಲು ತರುವ ಆ ಹನ್ನೊಂದು ಹೆಜ್ಜೆಯೇ ನನ್ನ ಪರೀಕ್ಷೆ. ಡಿಸೆಂಬರಿನಲ್ಲಿ 6. ಜನವರಿ ಕೊನೆಗೆ 4. ಶಿವರಾತ್ರಿ ಹೊತ್ತಿಗೆ 2. ಕಡಿಮೆ ಅಂಕ ಬಂದರೆ ಸಿಹಿ ಹಂಚಬೇಕೆನಿಸುವ ಪರೀಕ್ಷೆ ನನ್ನ ಕೆಲಸದಲ್ಲಿ ಬೇರೆ ಇಲ್ಲ.

ಮಾರ್ಚಿನಲ್ಲಿ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋದೆ. ಸರಸ್ವತಿಪುರಂನಲ್ಲಿರುವ ನಮಗೆ ಅದೇ ಹತ್ತಿರ, ಮಣ್ಣಿನ ದಾರಿ ಕಾಲಿಗೂ ಮೆತ್ತಗೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೊದಲ ನಿಮಿಷ ಓಡುವಾಗ ಕಿವಿಯನ್ನೂ ಹಿಮ್ಮಡಿಯಲ್ಲೇ ಇಟ್ಟಿದ್ದೆ. ಹೆಜ್ಜಾರ್ಲೆಗಳು ಗುಂಪಾಗಿ ಕೂತು ನೋಡುತ್ತಿದ್ದವು, ಅವುಗಳ ಮುಖ ಮೊದಲೇ ಒಂಥರಾ ಪರೀಕ್ಷಕರ ಮುಖ. ಆಮೇಲಿನ ಐದಾರು ತಿಂಗಳ ಬಗ್ಗೆ ಹೇಳುವಂಥದ್ದು ಏನಿಲ್ಲ. ನಿಮಿಷಗಳು ಹೆಚ್ಚಿದವು, ವಾಟ್ಸಾಪ್ ಪಟ್ಟಿಯಿಂದ ನನ್ನ ಹೆಸರು ತೆಗೆಸಿದೆ.

ದಸರಾ ಮುಗಿದ ಮೇಲೆ ಒಂದು ಭಾನುವಾರ ನಮ್ಮೂರಲ್ಲೇ ಹಾಫ್ ಮ್ಯಾರಥಾನ್. 21.0975 ಕಿ.ಮೀ. ಆ ಕೊನೆಯ 97 ಮೀಟರ್ 50 ಸೆಂಟಿಮೀಟರನ್ನು ಬಿಡಲು ಓಟ ನಡೆಸುವವರಿಗೂ ಮನಸ್ಸಿಲ್ಲ, ಓಡುವ ನಮಗೂ ಇಲ್ಲ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮೊದಲಿನಿಂದ ಕೊನೆವರೆಗೂ ಎಂದು ನಿಶ್ಚಯಿಸಿದ್ದೆ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಹೇಳಿಕೊಟ್ಟು ಜನಪ್ರಿಯ ಮಾಡಿದ ಪದ್ಧತಿ ಇದು. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯುವುದು. ಓದುವಾಗ ಬಹಳ ಸುಲಭ. ಓವಲ್ ಮೈದಾನದ ಹತ್ತಿರ ಕತ್ತಲಲ್ಲೇ ಹೊರಟು, ಸರಿಯಾಗಿ ನಾಲ್ಕು ನಿಮಿಷಕ್ಕೆ ವಾಚು ಕೂಗಿ, ಹಿಂದಿನವರೆಲ್ಲ ನನ್ನ ಎರಡೂ ಕಡೆಯಿಂದ ನೀರಿನ ಹಾಗೆ ಹರಿದುಹೋಗುವಾಗ ನಡೆಯಲು ನಿಂತರೆ ಗೊತ್ತಾಗುತ್ತದೆ. "ಕಮಾನ್ ಮೇಡಂ, ಈಗ ತಾನೇ ಶುರು!" ಎಂದು ಒಬ್ಬರು ಹುರಿದುಂಬಿಸಿದರು. ನಾಚಿಕೆಗೆ ಬಗ್ಗಿ ಶೂ ಲೇಸ್ ಕಟ್ಟುವ ನಾಟಕ ಮಾಡಿದೆ. ಎರಡನೇ ಸಲ ನಾಟಕ ಮಾಡಲಿಲ್ಲ.

ಅರಮನೆ, ಹಾರ್ಡಿಂಜ್ ಸರ್ಕಲ್ ದಾಟಿ ಲಲಿತಮಹಲ್ ರಸ್ತೆಗೆ ಬಂದಾಗ ಬೆಳಕಾಗಿತ್ತು. ಬಲಗಡೆ ಚಾಮುಂಡಿ ಬೆಟ್ಟ. ಏರು ಅಂದರೆ ಅಕಿಲಿಸ್‌ಗೆ ಆಗದು, ಹಿಮ್ಮಡಿ ಕೆಳಗೇ ಉಳಿದು ಹಗ್ಗ ಜಗ್ಗುತ್ತದೆ. ವಾಚು ಏನಾದರೂ ಹೇಳಿಕೊಳ್ಳಲಿ ಎಂದು ಏರನ್ನು ಪೂರ್ತಿ ನಡೆದೇ ಹತ್ತಿದೆ. ನೀರು ಕೊಡುವ ಮೇಜಿನ ಹಿಂದೆ ನಿಂತಿದ್ದವನು ನನ್ನ ಹಳೇ ವಿದ್ಯಾರ್ಥಿ. "ಮಿಸ್! ನೀವಾ? ನಡೀತಾ ಇದ್ದೀರಲ್ಲ ಮಿಸ್!" ಹತ್ತನೇ ಕ್ಲಾಸಿನಲ್ಲಿ ಇವನಿಗೆ ಎಷ್ಟು ಸಲ "ಅವಸರ ಮಾಡಬೇಡ, ಹಂತ ಬಿಡಬೇಡ" ಎಂದಿದ್ದೆನೋ. ಉಪ್ಪು ಹಚ್ಚಿದ ಕಿತ್ತಳೆ ಹೋಳು ಬಾಯಿಗೆ ಹಾಕಿಕೊಂಡು, "ಹಂತ ಬಿಡ್ತಿಲ್ಲ ಕಣೋ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಇನ್ನೊಂದು ಹೋಳು ಕೊಟ್ಟ.

17ನೇ ಕಿಲೋಮೀಟರಿನಲ್ಲಿ ನೋವು 2 ಇದ್ದದ್ದು 4 ಆಯಿತು. ಆಗ ಪಕ್ಕದಲ್ಲಿ ನನ್ನದೇ ವೇಗದ ಹೆಂಗಸೊಬ್ಬರಿದ್ದರು. ಅವರನ್ನು ಹಿಂದೆ ಹಾಕಬೇಕೆಂದು ಮನಸ್ಸು ಪಟಪಟ ಅನ್ನುತ್ತಿತ್ತು, ಅದೇ ಹಳೇ ವಾಟ್ಸಾಪ್ ಮನಸ್ಸು. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆಗೆ ಇಳಿದೆ. ಅವರು ಮುಂದೆ ಹೋದರು. 4 ನಾಲ್ಕಾಗಿಯೇ ಉಳಿಯಿತು.

2 ಗಂಟೆ 46 ನಿಮಿಷ. ಹಿಂದಿನ ನನ್ನ ಒಳ್ಳೇ ಸಮಯಕ್ಕಿಂತ 34 ನಿಮಿಷ ಜಾಸ್ತಿ. ಪದಕ ಹಾಕಿಸಿಕೊಂಡು, ಮಸಾಲೆ ದೋಸೆ ತಿಂದು ಮನೆಗೆ ಬಂದೆ. ಮಗಳು ಫೋಟೋ ತೆಗೆದಳು. ಅತ್ತೆ ಪದಕವನ್ನು ಕೈಯಲ್ಲಿ ತೂಗಿ ನೋಡಿ, "ನಾಳೆ ಬೆಳಿಗ್ಗೆ ನೋಡೋಣ" ಎಂದರು.

ಸೋಮವಾರ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಎಡಗಾಲು ಮೊದಲು ಇಟ್ಟೆ, ಆಮೇಲೆ ಬಲಗಾಲು. ತೊಡೆ ಎರಡೂ ಕಲ್ಲು. ಹಿಮ್ಮಡಿ ಬಿಗಿದಿತ್ತು, ಬಾಗಿಲು ತಲುಪುವಷ್ಟರಲ್ಲಿ ಸಡಿಲವಾಯಿತು. ನಾಲ್ಕು ಮೆಟ್ಟಿಲನ್ನು ಗೋಡೆ ಮುಟ್ಟದೆ ನೇರವಾಗಿ ಇಳಿದು ಹಾಲು ತಂದೆ. ಅಡುಗೆಮನೆಯಿಂದ ಅತ್ತೆ ಕೂಗಿದರು, "ಎಷ್ಟೇ?"

"ಎರಡು."

"ಹೋದ ಸೋಮವಾರವೂ ಎರಡೇ ಇತ್ತು," ಎಂದು ಪ್ಯಾಕೆಟ್ ಇಸಿದುಕೊಂಡು ಪಾತ್ರೆಗೆ ಕತ್ತರಿಸಿ ಸುರಿದರು.