‘ಯಾರು ಶುರು ಮಾಡಿದ್ದು?’ ಎಂದು ಕೇಳುವ ಮೊದಲು

ಅಣ್ಣ ತಂಗಿ ಒಂದೇ ಆಟಿಕೆಗೆ ಜಗ್ಗಾಡುವಾಗ ದೊಡ್ಡವರ ಬಾಯಿಗೆ ಮೊದಲು ಬರುವ ಮಾತು ‘ಯಾರು ಶುರು ಮಾಡಿದ್ದು?’ ಅಂಗನವಾಡಿ ಕೆಲಸದಲ್ಲಿ ಮೊದಲು ಬಿಡಬೇಕಾದ ಪ್ರಶ್ನೆಯೇ ಇದು. ಇದನ್ನು ಕೇಳುತ್ತಾ ಹೋದರೆ ಮಕ್ಕಳು ದೂರು ಹೇಳುವುದನ್ನಷ್ಟೇ ಕಲಿಯುತ್ತಾರೆ.

ಹೊಡೆಯುವ ಕೈಯನ್ನು ಮೆಲ್ಲಗೆ ಹಿಡಿಯಿರಿ. ‘ಹೊಡೆಯಲು ಬಿಡುವುದಿಲ್ಲ’, ಇಷ್ಟೇ ಮಾತು ಸಾಕು. ಇಬ್ಬರ ನಡುವೆ ಕುಕ್ಕರಗಾಲಲ್ಲಿ ಕುಳಿತು, ಆಟಿಕೆಯನ್ನು ಇಬ್ಬರಿಗೂ ಕಾಣುವಂತೆ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಅಡಗಿಸಿದರೆ ಅಳು ಹೆಚ್ಚುತ್ತದೆ. ಬಿಕ್ಕುತ್ತಿರುವ ಮಗುವಿನ ತಲೆಗೆ ಬುದ್ಧಿಮಾತು ಹೋಗುವುದಿಲ್ಲ. ‘ದೀರ್ಘವಾಗಿ ಉಸಿರೆಳೆ’ ಎಂದರೂ ಮೂರು ವರ್ಷದವಳಿಗೆ ತಿಳಿಯದು. ಐದು ಬೆರಳನ್ನು ದೀಪದಂತೆ ಹಿಡಿದು ಒಂದೊಂದನ್ನೇ ಊದಿ ಆರಿಸಲು ಹೇಳಿ, ಊದುತ್ತಾಳೆ.

ಆಮೇಲೆ ಭಾವನೆಗೆ ಹೆಸರು ಕೊಡಿ, ಅದೂ ಮನೆಮಾತಿನಲ್ಲಿ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಮಕ್ಕಳಲ್ಲಿ ಹಲವರಿಗೆ ಕನ್ನಡ ಕಲಿಕೆಯ ಭಾಷೆ, ಅಳುವ ಭಾಷೆ ತುಳುವೋ ಮಲಯಾಳವೋ. ‘ಹೆದರಿಕೆ’ಗಿಂತ ತುಳುವಿನ ‘ಪೋಡಿಗೆ’, ‘ಸಿಟ್ಟು’ ಎನ್ನುವುದಕ್ಕಿಂತ ಮಲಯಾಳದ ‘ದೇಷ್ಯಂ’ ಅಂಥ ಮಗುವಿಗೆ ಬೇಗ ತಾಗುತ್ತದೆ.

ಸರದಿ ಕಲಿಸುವಾಗ ‘ಐದು ನಿಮಿಷ’ ಎನ್ನಬೇಡಿ, ಆ ವಯಸ್ಸಿಗೆ ಗಡಿಯಾರ ಅರ್ಥವಾಗದು. ಉಯ್ಯಾಲೆಯಾದರೆ ಇಪ್ಪತ್ತು ಸಲ ತೂಗಿ ಅದಲು ಬದಲು. ಎಣಿಸುವ ಕೆಲಸ ಕಾಯುವವರದ್ದು. ಸುಮ್ಮನೆ ಕಾಯಬೇಕಾದಾಗಲೇ ಕೈ ಏಳುವುದು.

‘ನೀನು ದೊಡ್ಡವನಲ್ವಾ, ಬಿಟ್ಟುಕೊಡು’ ಎನ್ನುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ದೊಡ್ಡವನ ಸಿಟ್ಟು ಒಳಗೇ ಉಳಿದು ಯಾರೂ ನೋಡದಾಗ ಚಿವುಟಾಗಿ ಹೊರಬರುತ್ತದೆ. ಅತ್ತರೆ ಸಿಗುತ್ತದೆ ಎಂದು ಚಿಕ್ಕವಳೂ ಕಲಿಯುತ್ತಾಳೆ. ಅವಳ ಕೈಗೆಟುಕದ ಒಂದು ಶೆಲ್ಫ್ ಅವನಿಗಿರಲಿ, ಅಲ್ಲಿರುವ ಬಣ್ಣದ ಪೆಟ್ಟಿಗೆಯನ್ನು ಹಂಚಿಕೊಳ್ಳಲೇಬೇಕೆಂದಿಲ್ಲ. ಬಲವಂತದ ‘ಸಾರಿ’ಯೂ ಬೇಡ. ಕೆಡವಿದ್ದನ್ನು ಒಟ್ಟಿಗೆ ಕಟ್ಟಲಿ, ಪೆಟ್ಟಾದಲ್ಲಿಗೆ ಒದ್ದೆಬಟ್ಟೆ ತಂದುಕೊಡಲಿ.

ಜಗಳದ ಹೊತ್ತನ್ನು ಒಂದು ವಾರ ಬರೆದಿಡಿ. ಹೆಚ್ಚಾಗಿ ಅದು ಊಟಕ್ಕೆ ಮುಂಚೆ ಅಥವಾ ನಿದ್ದೆಗಣ್ಣಿನಲ್ಲಿ. ಹಾಗಿದ್ದರೆ ಊಟವನ್ನೇ ಅರ್ಧ ಗಂಟೆ ಮೊದಲು ಕೊಡಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಅಂಗಳಕ್ಕಿಳಿಯಲಾಗದಾಗ ಚಾವಡಿಯಲ್ಲಿ ಅಡಿಕೆ ಹಾಳೆ ಎಳೆಯುವ ಆಟ ಒಳ್ಳೆಯದು: ಒಬ್ಬರು ಕೂರಬೇಕು, ಒಬ್ಬರು ಎಳೆಯಬೇಕು, ಒಂಟಿಯಾಗಿ ಆಗುವುದೇ ಇಲ್ಲ. ಚಿಕ್ಕವಳು ಅಣ್ಣನನ್ನು ಎಳೆಯಲಾರಳು. ಅವಳ ಸರದಿಗೆ ಹಾಳೆಯ ಮೇಲೆ ಗೊಂಬೆ ಕೂರಿಸಿ, ಗೊಂಬೆ ಬೀಳದಂತೆ ಹಿಡಿದುಕೊಂಡು ಬರುವ ಕೆಲಸವನ್ನು ಅಣ್ಣನಿಗೆ ಕೊಡಿ.