ಇಷ್ಟು ವರ್ಷ ಆಯ್ತಲ್ಲ, ಇನ್ನೂ ಮರೆತಿಲ್ವಾ?

ನಾನು ಕೊಡಗಿನವಳು, ಕೌನ್ಸೆಲಿಂಗ್ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದು ಮನೆ, ತೋಟ ಕಳೆದುಕೊಂಡವರು ಈಗಲೂ ಮಳೆಗೆ ಯಾಕೆ ಹೆದರಬೇಕು, ಮರೆತು ಮುಂದೆ ಹೋಗಬಾರದಾ ಅಂತ.

ಮರೆಯೋದು ಅವರ ಕೈಯಲ್ಲಿದ್ದರೆ ಯಾವತ್ತೋ ಮರೆತಿರುತ್ತಿದ್ದರು.

ಸಾಮಾನ್ಯ ನೆನಪು ಹಳೆಯದಾಗುತ್ತಾ ಹೋಗುತ್ತದೆ. ಜೀವ ಹೋಗುವ ಹೊತ್ತಿನ ನೆನಪು ಹಾಗಲ್ಲ. ಆಗ ಮಿದುಳಲ್ಲಿ ಭಯ ನೋಡಿಕೊಳ್ಳುವ ಅಮಿಗ್ಡಲಾದ್ದೇ ಕಾರುಬಾರು. ಸದ್ದು, ಹಸಿ ಮಣ್ಣಿನ ವಾಸನೆ ಎಲ್ಲ ಅಚ್ಚೊತ್ತಿದ ಹಾಗೆ ಉಳಿಯುತ್ತದೆ. ಮುಂದೆ ಯಾವತ್ತೋ ಅಂಥದ್ದೇ ಸದ್ದು ಕೇಳಿದರೆ ಸಾಕು, ಯೋಚನೆಗಿಂತ ಮೊದಲು ಎದೆ ಹೊಡೆದುಕೊಳ್ಳುತ್ತದೆ.

ನನಗೆ ಗೊತ್ತಿರುವ ಒಬ್ಬರು ಅಕ್ಕ (ಗುರುತು ಬದಲಿಸಿದ್ದೇನೆ) ಜೂನ್ ಬಂತೆಂದರೆ ಬಾಗಿಲ ಪಕ್ಕ ಒಂದು ಬ್ಯಾಗ್ ಇಡುತ್ತಾರೆ. ಪಹಣಿ, ಆಧಾರ್, ರೇಷನ್ ಕಾರ್ಡ್, ಒಂದು ಟಾರ್ಚ್. ಶೀಟಿನ ಮೇಲೆ ಮಳೆ ಜೋರಾದರೆ ರಾತ್ರಿಯಿಡೀ ಎದ್ದು ಕೂತಿರುತ್ತಾರೆ, ಹಗಲು ಸುಮ್ನೆ ಸುಮ್ನೆ ಮಕ್ಕಳ ಮೇಲೆ ರೇಗುತ್ತಾರೆ. ಬ್ಯಾಗ್ ತೆಗೀರಿ ಅಂತ ನಾನಂತೂ ಹೇಳಲ್ಲ. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಗುಡ್ಡ ಕುಸಿದಿದೆ ಅಲ್ವಾ? ಬ್ಯಾಗ್ ಜಾಣತನ. ಚಿಕಿತ್ಸೆ ಬೇಕಿರುವುದು ಆ ನಿದ್ದೆಗೆ.

ಹಾಗಂತ ಎಲ್ಲರಿಗೂ ಹೀಗಾಗಲ್ಲ. ಮನೆ, ದುಡಿಮೆ, ಜೊತೆಗೆ ಜನ ಇದ್ದರೆ ಜಾಸ್ತಿ ಮಂದಿ ನಿಧಾನಕ್ಕೆ ಸುಧಾರಿಸಿಕೊಳ್ಳುತ್ತಾರೆ. ಕೆಟ್ಟ ಕನಸು, ಬೆಚ್ಚಿ ಬೀಳುವುದು, ಆ ದಾರಿಯಲ್ಲೇ ಹೋಗದಿರುವುದು, ಇವೆಲ್ಲ ಒಂದು ತಿಂಗಳು ದಾಟಿಯೂ ಬಿಡದೆ ದಿನದ ಕೆಲಸ ಕೆಡಿಸುತ್ತಿದ್ದರೆ ಅದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ ಇರಬಹುದು. ವೈದ್ಯರು ಬಳಸುವ ಕಾಯಿಲೆಗಳ ಪಟ್ಟಿಗೆ ಈ ಹೆಸರು ಸೇರಿದ್ದೇ 1980ರಲ್ಲಿ. ಗಂಡಸರಲ್ಲಿ ಕೆಲವರು ಇದನ್ನು ಕುಡಿದು ಅದುಮಿಡುತ್ತಾರೆ, ಮನೆಯವರ ಕಣ್ಣಿಗೆ ಬೀಳುವುದು ಕುಡಿತ ಮಾತ್ರ.

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ. 'ಅವತ್ತು ಏನೇನಾಯ್ತು ಹೇಳಿ, ಮನಸ್ಸು ಹಗುರ ಆಗುತ್ತೆ' ಅಂತ ಕೆದಕಬೇಡಿ. ಬಲವಂತವಾಗಿ ಹೇಳಿಸಿದರೆ ಒಳ್ಳೆಯದಾಗುವುದಿಲ್ಲ. ಅವರಾಗೇ ಹೇಳಿದರೆ ಕೇಳಿ, ಇಲ್ಲದಿದ್ದರೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂತರೂ ಸಾಕು. ಆ ನೆನಪನ್ನು ತರಬೇತಿ ಇರುವವರ ಜೊತೆ, ನೊಂದವರಿಗೆ ತಡೆದುಕೊಳ್ಳಲು ಆಗುವಷ್ಟೇ, ಸ್ವಲ್ಪಸ್ವಲ್ಪವಾಗಿ ಬಿಚ್ಚುವ ಚಿಕಿತ್ಸೆ ಬೇರೆಯೇ ಇದೆ, ಅದರಿಂದ ಗುಣ ಕಂಡವರೂ ಇದ್ದಾರೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ.

ಎಲ್ಲಿ ಕೇಳೋದು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೆಂಡತಿಗೆ ನಿದ್ದೆ ಬರ್ತಿಲ್ಲ ಅಂತ ಗಂಡನೂ ಫೋನ್ ಮಾಡಬಹುದು.